ಎಲೆಯಿಲ್ಲದ ಮರಗಳ ಪರವಾಗಿ

ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ನಮ್ಮ ಶಿಶುವಿಹಾರದ ಮಕ್ಕಳಿಗೆ ಮರ ಎಂದರೇನೆಂದೇ ಗೊತ್ತಿಲ್ಲ ಎಂದು ತಾವು ಬರೆದಿದ್ದೀರಿ. ಆದ್ದರಿಂದ ಮರದ ಪಾಠ ಇನ್ನು ಮುಂದೆ ಅಂಗಳದಲ್ಲಿ ನಡೆಯಕೂಡದು, ಕೋಣೆಯೊಳಗೇ ನಡೆಯಬೇಕು ಎಂದು ಆದೇಶಿಸಿ, ಜೊತೆಗೊಂದು ಪ್ಲಾಸ್ಟಿಕ್ ಮರವನ್ನೂ ಕಳಿಸಿಕೊಟ್ಟಿದ್ದೀರಿ. ಮರ ಬಂದು ಇಳಿದಿದೆ. ಆದೇಶ ಮಾತ್ರ ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ತಮ್ಮ ತೀರ್ಪಿಗೆ ಆಧಾರ ಮಕ್ಕಳ ಚಿತ್ರ. ತಪಾಸಣೆಗೆ ಬಂದ ದಿನ ಮರ ಬಿಡಿಸಿ ಎಂದಿರಿ. ಒಬ್ಬರೂ ಎಲೆ ಬಿಡಿಸಲಿಲ್ಲ, ಹಸಿರು ಕ್ರೇಯಾನಿನ ತುದಿಯೂ ಸವೆಯಲಿಲ್ಲ. ಹಾಳೆ ತುಂಬ ಕಂದು ಗೀರು, ಗಂಟು, ತೂತು, ಇರುವೆ ಸಾಲು. ತಾವು ತಲೆ ಚಚ್ಚಿಕೊಂಡಿರಿ. ಸ್ವಾಮಿ, ಈ ಮಕ್ಕಳು ತಮ್ಮ ಸೊಂಟದೆತ್ತರಕ್ಕೂ ಬರುವುದಿಲ್ಲ. ಅವರಿಗೆ ಮರವೆಂದರೆ ಮೂಗಿಗೆ ತಾಗುವ ತೊಗಟೆ. ತಮಗೆ ಕಾರಿನ ಕಿಟಕಿಯಿಂದ ಕಾಣುವ ಹಸಿರು. ಇಬ್ಬರಲ್ಲಿ ಮರವನ್ನು ಹತ್ತಿರದಿಂದ ಬಲ್ಲವರು ಯಾರು?

ಅಂಗಳದ ಪಾಠ ಇಷ್ಟೇ. ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ ಒಂದು ಮರದ ಬಳಿ ಬಿಡುತ್ತೇನೆ. ಅದು ತಬ್ಬಿ, ಸವರಿ, ಮೂಸಿ, ಕಿವಿಯಿಟ್ಟು ಕೇಳುತ್ತದೆ. ಮರಳಿ ಕರೆತಂದು ಬಟ್ಟೆ ಬಿಚ್ಚಿದ ಮೇಲೆ ತನ್ನ ಮರವನ್ನು ತಾನೇ ಹುಡುಕಬೇಕು. ನಾವು ಗುಬ್ಬಿ ಎಂದು ಕರೆಯುವ ಹುಡುಗಿ ಶಾಲೆಗೆ ಸೇರಿ ಎಷ್ಟೋ ದಿನ ತುಟಿ ಬಿಚ್ಚಿರಲಿಲ್ಲ. ಮನೆಯಲ್ಲಿ ವಟವಟ ಎನ್ನುವ ಮಗುವಿಗೆ ಇಲ್ಲಿ ಏನು ಮಾಡಿದಿರಿ ಎಂದು ಅವಳಜ್ಜಿ ನನ್ನನ್ನೇ ಅನುಮಾನಿಸುತ್ತಿದ್ದರು. ತನ್ನ ಮರ ಸಿಕ್ಕ ದಿನ ಅವಳು ಮೊದಲ ಬಾರಿ ಮಾತಾಡಿದಳು: "ಮಿಸ್, ಇದು ನಮ್ಮಜ್ಜಿ ಮೊಣಕೈ ಥರಾನೇ ಇದೆ." ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನು?

ತಮ್ಮ ಆದೇಶ ಬಂದ ಮೇಲೆ ಗುಬ್ಬಿ ಮತ್ತೆ ಬಾಯಿಗೆ ಬೀಗ ಹಾಕಿಕೊಂಡಳು. ಪ್ಲಾಸ್ಟಿಕ್ ಮರದ ಮುಂದೆ ಕೂರಿಸಿದಾಗ ಮಕ್ಕಳೆಲ್ಲ ರೂಢಿಯಂತೆ ಕಣ್ಣು ಮುಚ್ಚಿ ಅದನ್ನು ಸವರಿದರು. ಗುಬ್ಬಿ ಕೆನ್ನೆಯಿಟ್ಟು ನೋಡಿ ಗಾಬರಿಯಾದಳು. "ಮೈಯೆಲ್ಲ ತಣ್ಣಗಿದೆ ಮಿಸ್. ಹುಷಾರಿಲ್ಲ ಅನ್ಸುತ್ತೆ. ಬಿಸಿಲಿಗೆ ಕರ್ಕೊಂಡ್ ಹೋಗೋಣ."

ಆದೇಶವನ್ನು ಮತ್ತೊಮ್ಮೆ ಓದಿದೆ. ಮರದ ಪಾಠ ಹೊರಗೆ ನಡೆಯಕೂಡದು ಎಂದಿದೆ. ಕಾಯಿಲೆ ಬಿದ್ದ ಮರವನ್ನು ಬಿಸಿಲಿಗೆ ಒಯ್ಯಕೂಡದು ಎಂದಿಲ್ಲ. ಹೀಗಾಗಿ ಈಗ ಇಡೀ ತರಗತಿ ದಿನವೂ ತಾವು ಕಳಿಸಿದ ಮರವನ್ನು ಹೊತ್ತು ಅಂಗಳಕ್ಕೆ ಹೊರಡುತ್ತದೆ. ಅದು ಬಿಸಿಲು ಕಾಯುವಷ್ಟು ಹೊತ್ತು ಮಕ್ಕಳು ತಂತಮ್ಮ ಮರಗಳನ್ನು ಮಾತಾಡಿಸಿ ಬರುತ್ತಾರೆ. ಇದು ಪಾಠವಲ್ಲ, ಶುಶ್ರೂಷೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆದರೂ ಕಳ್ಳದಾರಿ ಕಳ್ಳದಾರಿಯೇ. ಮಕ್ಕಳಿಗೆ ಅದನ್ನು ಕಲಿಸಲು ನನಗೆ ಮನಸ್ಸಿಲ್ಲ. ದಯವಿಟ್ಟು ಆದೇಶ ಹಿಂಪಡೆಯಿರಿ. ಸಂದೇಹವಿದ್ದರೆ ಇನ್ನೊಮ್ಮೆ ಬನ್ನಿ, ತಮ್ಮ ಕಣ್ಣಿಗೆ ಗುಬ್ಬಿಯೇ ಬಟ್ಟೆ ಕಟ್ಟುತ್ತಾಳೆ. ತಮಗೆಂದು ಒಂದು ಮರವನ್ನೂ ಆರಿಸಿಟ್ಟಿದ್ದಾಳೆ. ಯಾವುದೆಂದು ಕೇಳಿದೆ.

"ಅವರೇ ಹುಡುಕ್ಲಿ ಮಿಸ್," ಎಂದಳು.

ಇಂತಿ,
ತಮ್ಮ ಪ್ಲಾಸ್ಟಿಕ್ ಮರದ ಬುಡ ಹೊತ್ತು ಸೊಂಟ ಹಿಡಿಸಿಕೊಂಡಿರುವ
ಶಿಶುವಿಹಾರದ ಮಿಸ್