ಅಕ್ಕನಿಗಾಗಿ ತುಂಬಿಸಿದ ಸಿನಿಮಾಗಳು

ರೀ,

ಬೇಕರಿ ಕೆಲಸಕ್ಕೆ ಹೊರಟೆ. ನಿಮ್ಮನ್ನು ಎಬ್ಬಿಸಲಿಲ್ಲ, ಸಿನಿಮಾ ಡಿಸ್ಕ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ತುಂಬಿಸಿ ಸುಸ್ತಾಗಿದ್ದೀರಿ. ಕಾಲು ಮುರಿದುಕೊಂಡ ನಿಮ್ಮ ಅಕ್ಕ ಇವತ್ತು ಬರುತ್ತಾರಲ್ಲ, ಅವರು ಮಲಗಿದಲ್ಲೇ ನೋಡಲಿ, ನಡುವೆ ಎಲ್ಲೂ ನಿಲ್ಲದಿರಲಿ ಅಂತ. ಬಹಳ ಸಂತೋಷ.

ಹೋದ ವರ್ಷ ನಾನು ಸೊಂಟ ಹಿಡಿದು ಮಲಗಿದ್ದಾಗ ಸಿನಿಮಾ ಕ್ಲೈಮ್ಯಾಕ್ಸಿನಲ್ಲೇ ನಿಂತುಹೋಯಿತು. "ಎದ್ದು ಡಿಸ್ಕ್ ಒರೆಸಿ ಹಾಕ್ಕೋ, ಸರಿಹೋಗುತ್ತೆ" ಅಂದವರು ನೀವೇ.

ಹಾಲು ಕಾಯಿಸಿದ್ದೇನೆ. ಅಕ್ಕನ ಮಾತ್ರೆ ಊಟವಾದ ಮೇಲೆ, ಮರೆಯಬೇಡಿ. ಅವರಿಗೆ ನನ್ನ ದಿಂಬು ಮಾತ್ರ ಕೊಡಬೇಡಿ, ಬೇರೆಯದಕ್ಕೆ ಒಗೆದ ಕವರು ಹಾಕಿಟ್ಟಿದ್ದೇನೆ. "ಏನೇ ಇದು, ಹೊಟ್ಟೆಕಿಚ್ಚಾ?" ಅಂತ ನಗುತ್ತೀರಿ. ಹೌದು, ಹೊಟ್ಟೆಕಿಚ್ಚೇ.

ಇನ್ನೊಂದು ಮಾತು. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಕೊಂಡ ಡಿಸ್ಕಿಗಾಗಿ ಮನೆಯೆಲ್ಲ ತಡಕಾಡಬೇಡಿ. ಅದು ನನ್ನ ಚೀಲದಲ್ಲಿದೆ. ಅದನ್ನು ಕಂಪ್ಯೂಟರ್‌ಗೆ ತುಂಬಿಸಲು ನಾನು ಕೊಡುವುದಿಲ್ಲ. ಅದು ನಡುನಡುವೆ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಳ್ಳಲಿ. ಆಗಲಾದರೂ ನೀವು ಪರದೆ ಬಿಟ್ಟು ನನ್ನ ಕಡೆ ತಿರುಗಿ ಮಾತಾಡುತ್ತೀರಿ.