ಒರೆಸಬೇಡಿ ಎಂದು ಬರೆದ ಚೀಟಿ

ಜೂನ್ ೧೯೩೧

ಓಟ್ಮರ್,

ಮೇಲಿನ ಗಾಳಿಯನ್ನು ಅಳೆಯಲೆಂದು ಮಾರ್ಚಿನಲ್ಲಿ ನಾವಿಬ್ಬರೂ ಹಾರಿಬಿಟ್ಟ ಬಲೂನಿನ ಪೆಟ್ಟಿಗೆ ಇವತ್ತು ಸಿಕ್ಕಿತು ಕಣೋ. ವಾಲ್ಬುರ್ಗಾ ಎಂಬ ಅಜ್ಜಿ, ಪೆಟ್ಟಿಗೆಯ ಮೇಲೆ ಕೆತ್ತಿದ ವಿಳಾಸ ಹಿಡಿದು, ಬವೇರಿಯಾದಿಂದ ರೈಲಿನಲ್ಲಿ ನೇರ ನಮ್ಮ ಪ್ರಯೋಗಾಲಯಕ್ಕೇ ತಂದಳು.

"ಹುಲ್ಲಿನ ಮೆದೆಯಲ್ಲಿ ಬಿದ್ದಿತ್ತಪ್ಪ. ಒಳಗೆಲ್ಲಾ ಮಸಿ! ಹಾಗೇ ಕೊಟ್ರೆ ಮೇಷ್ಟ್ರುಗಳು ಏನಂದ್ಕೋತಾರೆ ಅಂತ ವಿನೆಗರ್ ಹಾಕಿ ತಿಕ್ಕಿದೆ."

ಪೆಟ್ಟಿಗೆಯೊಳಗೆ ನಾವು ಮಸಿ ಹಿಡಿಸಿದ್ದ ಅಳತೆಯ ಉರುಳೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಮೇಲಿನ ಆಕಾಶದ ಚಳಿಯ ಲೆಕ್ಕವೆಲ್ಲ ಆ ಮಸಿಯಲ್ಲಿ ಮುಳ್ಳು ಗೀಚಿದ ಗೆರೆಗಳಲ್ಲಿತ್ತು. "ಮಸಿ ಒರೆಸಬೇಡಿ" ಎಂದು ನೀನು ಬರೆದು ಕಟ್ಟಿದ್ದ ಚೀಟಿ ಮಳೆಗೆ ಅಕ್ಷರವೆಲ್ಲ ಅಳಿಸಿ ಬಿಳಿಚಿಕೊಂಡಿತ್ತು.

ನಾನು ರೇಗಲಿಲ್ಲ. ಕಾಫಿ ಕೊಟ್ಟು, "ಎಷ್ಟು ಚೆನ್ನಾಗಿ ತೊಳೆದಿದ್ದೀರಜ್ಜಿ" ಅಂದೆ. ನೀನಿದ್ದಿದ್ದರೆ ನಂಬುತ್ತಿರಲಿಲ್ಲ.

ಈ ಪೆಟ್ಟಿಗೆ ಬರಲಿಲ್ಲವೆಂದೇ ಅಲ್ಲವೇ ಅವತ್ತು ನಾನು ನಿನ್ನ ಮೇಲೆ ಹಾರಾಡಿ, "ಹಾಗಾದ್ರೆ ನೀನೇ ಹೋಗಿ ಅಳೆದುಕೊಂಡು ಬಾ" ಅಂದದ್ದು. ನೀನು ನಗುತ್ತಲೇ ವಿಮಾನ ಹತ್ತಿದೆ. ಮೋಡದೊಳಗೆ ಹೋದವನು ಇಳಿದು ಬರಲೇ ಇಲ್ಲ.

ಅಜ್ಜಿ ಹೋದ ಮೇಲೆ ಮುಚ್ಚಳ ತಿರುಗಿಸಿದೆ. ಒಳಮೂಲೆಗೆ ಅವಳ ಬಟ್ಟೆ ತಲುಪಿರಲಿಲ್ಲ. ಅಲ್ಲಿ ಮಸಿಯ ಒಂದು ಹೆಬ್ಬೆಟ್ಟಿನ ಗುರುತಿದೆ. ಮಸಿಗೈಯಲ್ಲಿ ಎಲ್ಲಾ ಮುಟ್ಟಬೇಡವೆಂದು ನಿನಗೆ ಎಷ್ಟು ಸಲ ಬೈದಿದ್ದೆ.

ಹೊಸ ಚೀಟಿ ಬರೆದು ಮುಚ್ಚಳಕ್ಕೆ ಕಟ್ಟಿದ್ದೇನೆ: ಒರೆಸಬೇಡಿ.