ಹನುಮಕ್ಕನ ಅರ್ಧಕ್ಕೆ ಒಂದು ಕಂಪನಿ

ಅಪ್ಪಾ,

ನಮ್ಮ ಕಂಪನಿಗೆ ಹೆಸರು ಮಂಜೂರಾಗಿದೆ. ಜೋಡಿಹೊಲಿಗೆ ತಾಡಪತ್ರಿ ಪ್ರೈವೇಟ್ ಲಿಮಿಟೆಡ್. ನಿನ್ನೆ ಮಧ್ಯಾಹ್ನ ಆಡಿಟರ್ ಸಾಹೇಬರು ಫೋನ್ ಮಾಡಿ ತಿಳಿಸಿದರು. ಬೆಂಗಳೂರಿನ ರಿಜಿಸ್ಟ್ರಾರ್ ಕಚೇರಿಯಿಂದ ಬಂದ ಪತ್ರವನ್ನು ಸಂಜೆ ನಾನೇ ಹೋಗಿ ಓದಿಕೊಂಡು ಬಂದೆ. ಫೋನಿನ ಮಾತನ್ನು ನಂಬಿ ನಿನಗೆ ಬರೆಯಲು ಧೈರ್ಯವಾಗಲಿಲ್ಲ. ಬೆಳಿಗ್ಗೆ ಅಂಗಡಿಯ ಕಟ್ಟೆಯ ಮೇಲೆ ಕೂತು ನನ್ನಿಂದ ಪೇಪರ್ ಓದಿಸುವಾಗ, ‘ಇದನ್ನ ಹೇಳಿದೋರು ಯಾರು, ಅದನ್ನ ಓದು ಮೊದ್ಲ’ ಎಂದು ನಡುವೆಯೇ ತಡೆಯುತ್ತಿದ್ದೆಯಲ್ಲ. ನೀನು ಹೋಗಿ ಎಂಟು ತಿಂಗಳಾಯಿತು. ಆ ಎಂಟು ತಿಂಗಳಲ್ಲಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹನುಮಕ್ಕ ಮೊದಲ ಸಲ ಅಂಗಡಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನಾಗ ಆರನೇ ಕ್ಲಾಸು. ಲಾರಿಗಳ ಸೀಟು ಹೊಲಿಯುತ್ತಿದ್ದ ಅವಳ ಗಂಡ ತೀರಿಕೊಂಡು ಒಂದು ತಿಂಗಳಾಗಿತ್ತು. ಅವನ ದಪ್ಪ ಹೊಲಿಗೆ ಮಷಿನ್ನನ್ನು ಎತ್ತಿನ ಗಾಡಿಯ ಮೇಲೆ ಹೇರಿಕೊಂಡು ಪಾಪಿನಾಯಕನಹಳ್ಳಿಯಿಂದ ಬಂದಿದ್ದಳು. ಗಾಡಿ ಇಳಿಯದೆಯೇ ಹೇಳಿದಳು: ‘ಅಣ್ಣಾ, ಕೂಲಿಗೆ ನಾ ಬರಂಗಿಲ್ಲ. ಮಷಿನ್ ನಂದು, ಕೈ ನಂದು. ಅರ್ಧ ಪಾಲು ಅಂದ್ರ ಇಳಸ್ತೀನಿ. ಇಲ್ಲಂದ್ರ ಗಾಡಿ ತಿರುಗಸ್ತೀನಿ.’ ನೀನು ನಕ್ಕೆ. ಒಳಗಿನಿಂದ ಎಲೆ ಅಡಿಕೆ ತರಿಸಿ ಅವಳ ಮಷಿನ್ನಿನ ಮೇಲೆ ಇಟ್ಟೆ. ಇಬ್ಬರೂ ಅದನ್ನು ಮುಟ್ಟಿದಿರಿ. ‘ಆತವ್ವ, ಅರ್ಧ ನಿಂದು’ ಎಂದೆ. ಅಷ್ಟೇ. ಲಾರಿಗೆ ಹೊದಿಸುವ ತಾಡಪತ್ರಿಯ ಅಂಚಿಗೆ ಮೊದಲ ಹೊಲಿಗೆ ನೀನು, ಅದರ ಪಕ್ಕದಲ್ಲೇ ಎರಡನೆಯ ಹೊಲಿಗೆ ಅವಳು. ಹದಿನಾರು ವರ್ಷ ಹಾಗೆಯೇ ನಡೆಯಿತು. ಒಂದು ಚೂರು ಕಾಗದ ಬೇಕು ಎಂದು ಒಂದು ದಿನವೂ ನಿಮ್ಮಿಬ್ಬರಿಗೆ ಅನ್ನಿಸಲಿಲ್ಲವೇ?

ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಸಾಲುಗಟ್ಟಲು ಶುರುವಾದ ವರ್ಷ ನೀನು ಇನ್ನೂ ಮೂವರು ಹೆಂಗಸರನ್ನು ಹೊಲಿಗೆಗೆ ಕೂರಿಸಿದೆ. ಲೋಡಿನ ಮೇಲೆ ಹೊದಿಕೆ ಇಲ್ಲದ ಲಾರಿಯನ್ನು ತಡೆಯುತ್ತಾರೆ ಎಂದು ಪೇಪರಿನಲ್ಲಿ ಬಂದ ವಾರ ನಮಗೆ ಊಟಕ್ಕೂ ಬಿಡುವಿರಲಿಲ್ಲ. ಕೆಂಪು ದೂಳು ದಾರದ ಉಂಡೆಯ ಒಳಗೂ ಸೇರಿರುತ್ತಿತ್ತು. ಅಂಥ ಅಂಗಡಿ ನಿನ್ನ ತಿಥಿ ಮುಗಿಯುವುದರೊಳಗೆ ನಿಂತುಹೋಯಿತು. ಲೈಸೆನ್ಸು, ಕರೆಂಟಿನ ಮೀಟರು, ಬ್ಯಾಂಕಿನ ಖಾತೆ, ತೆರಿಗೆಯ ನಂಬರು, ಎಲ್ಲವೂ ನಿನ್ನೊಬ್ಬನ ಹೆಸರಿನಲ್ಲಿ. ಆಡಿಟರ್ ಸಾಹೇಬರು ಸಮಾಧಾನವಾಗಿಯೇ ಹೇಳಿದರು: ‘ಒಬ್ಬರ ಹೆಸರಿನ ಅಂಗಡಿ ನೋಡ್ರಿ ಇದು. ಮಾಲೀಕರು ಹೋದ್ರ ಕಾಗದದಾಗ ಅಂಗಡಿನೂ ಹೋದಂಗ. ನೀವು ಹೊಸದಾಗಿ ಶುರು ಮಾಡ್ಬೇಕಾಗ್ತದ.’ ಲಾರಿಗಳ ಗುತ್ತಿಗೆದಾರನೂ ಅದನ್ನೇ ಕೇಳಿದ, ‘ಈಗ ಬಿಲ್ ಯಾರ ಹೆಸರಿಗ್ರಿ?’ ಯಾವ ಕಾಗದದಲ್ಲೂ ಹನುಮಕ್ಕ ಇರಲಿಲ್ಲ, ಅಪ್ಪಾ. ಹುಡುಕಿದೆ. ಜೆಸ್ಕಾಂ ರಸೀದಿಗಳ ಕಟ್ಟನ್ನೂ ಬಿಚ್ಚಿ ಹುಡುಕಿದೆ. ಕರೆಂಟಿನ ರಸೀದಿಯಲ್ಲಿ ಅವಳ ಹೆಸರು ಯಾಕಿರುತ್ತದೆ, ಹೇಳು...

ಕಂಪ್ಲಿಯಿಂದ ಚಿಕ್ಕಪ್ಪ ಬಂದ ಬೆಳಿಗ್ಗೆಯೂ ನೆನಪಿದೆ. ನಿನ್ನ ಕುರ್ಚಿಯ ಮೇಲೆ ಕೂರಲಿಲ್ಲ, ಅಷ್ಟು ಮರ್ಯಾದೆ ಇದೆ ಅವನಿಗೆ. ನಿಂತುಕೊಂಡೇ ಹೇಳಿದ: ‘ನಿನ್ನ ಒಬ್ಬಾಕಿ ಹೆಸರಿಗೆ ಮಾಡ್ಸು ಅನ್ನಪೂರ್ಣಿ. ಆಕಿಗೆ ಸಂಬಳ ಕೊಡು, ಚಲೋ ಸಂಬಳ ಕೊಡು, ನಾ ಬ್ಯಾಡ ಅನ್ನಂಗಿಲ್ಲ. ಪಾಲು ಅಂತ ಯಾಕ? ಎಲಿ ಅಡಿಕಿ ಇಟ್ಟಾಗ ನೋಡಿದೋರು ಯಾರದಾರ?’

‘ನಾ ಇದ್ದೆ ಚಿಕ್ಕಪ್ಪ.’

‘ನೀ ಆವಾಗ ಆರನೇ ಕ್ಲಾಸು.’

‘ಆರನೇ ಕ್ಲಾಸಿನೋರಿಗೂ ಕಣ್ಣು ಇರ್ತಾವು.’

ಅವನು ‘ಅಪ್ಪನ ಹಟ’ ಎಂದು ಗೊಣಗಿ ಚಪ್ಪಲಿ ಮೆಟ್ಟಿದ. ಹನುಮಕ್ಕ ಒಳಗೆ ಅರ್ಧಕ್ಕೆ ನಿಂತಿದ್ದ ತಾಡಪತ್ರಿಯೊಂದರ ಹಗ್ಗ ಪೋಣಿಸುವ ಕಣ್ಣುಗಳಿಗೆ ಹಿತ್ತಾಳೆ ಬಳೆ ಬಡಿಯುತ್ತಿದ್ದಳು. ಆ ಮಾತಿನ ಉದ್ದಕ್ಕೂ ಅವಳ ಸುತ್ತಿಗೆ ನಿಂತಿತ್ತು. ಅವನು ಹೋದ ಮೇಲೆ ಮತ್ತೆ ಶುರುವಾಯಿತು.

ಮರುವಾರವೇ ಪಾಲುದಾರಿಕೆಯ ಪತ್ರ ಬರೆಸಿದೆ. ಅರ್ಧ ನಾನು, ಅರ್ಧ ಹನುಮಕ್ಕ. ಇದಕ್ಕಿಂತ ಸರಳವಾದದ್ದು ಏನಿದೆ ಅನ್ನಿಸಿತ್ತು. ಖುಷಿಯಿಂದ ತಂದು, ಪೇಪರ್ ಓದುವ ಹಾಗೆ ಒಂದೊಂದೇ ಸಾಲು ಅವಳಿಗೆ ಓದಿ ಹೇಳಿದೆ. ಒಂಬತ್ತನೆಯ ಕಲಮಿನಲ್ಲಿ ಅವಳು ಕೈ ಎತ್ತಿದಳು.

‘ತಡಿ. ಅದನ್ನ ಮತ್ತೊಮ್ಮಿ ಓದು.’

ಓದಿದೆ. ಸಂಸ್ಥೆ ತೀರಿಸಲಾಗದ ಹೊಣೆ ಬಂದರೆ ಪಾಲುದಾರರ ಸ್ವಂತ ಆಸ್ತಿಯೂ ಅದಕ್ಕೆ ಬದ್ಧ, ಎಂದಿತ್ತು.

‘ಸ್ವಂತ ಆಸ್ತಿ ಅಂದ್ರ ನನ್ನ ಮನಿನಾ?’

‘ಹೂಂ ಹನುಮಕ್ಕ. ನಮ್ಮ ಮನಿನೂ.’

‘ನಿಂದು ಬಿಡು. ನಂದು ಹೇಳು.’

ಅವಳು ಸುಮ್ಮನೆ ಹೆದರಿದ್ದಲ್ಲ. ಕುರೆಕುಪ್ಪದ ತಿರುವಿನಲ್ಲಿ ನಮ್ಮ ತಾಡಪತ್ರಿಯ ಕಣ್ಣು ಕಿತ್ತು, ಹಗ್ಗ ಸಡಿಲವಾಗಿ, ಅದಿರಿನ ಗಡ್ಡೆಗಳು ಹಿಂದಿನ ಕಾರಿನ ಗಾಜಿನ ಮೇಲೆ ಬಿದ್ದದ್ದು ನಿನಗೆ ಮರೆತಿರಲಾರದು. ಯಾರಿಗೂ ಗಾಯವಾಗಿರಲಿಲ್ಲ. ಆದರೂ ಕಾರಿನವನು, ಲಾರಿಯವನು ಇಬ್ಬರೂ ನಮ್ಮ ಬಾಗಿಲಿಗೆ ಬಂದು ನಿಂತಿದ್ದರು. ‘ಆವತ್ತು ಅಣ್ಣ ಮುಂದ ನಿಂತ, ಮುಗೀತು’ ಎಂದಳು ಹನುಮಕ್ಕ. ‘ನಾಳೆ ಕಾರಿನ ಬದ್ಲು ಬೈಕಿನ ಮ್ಯಾಲ ಗಂಡ ಹೆಂಡ್ತಿ ಇದ್ರ? ಕೋರ್ಟಿಗೆ ಹೋದ್ರ? ನನಗಿರೋದು ಆ ಎರಡು ಖೋಲಿ. ಒಂದೊಂದು ಇಟ್ಟಂಗಿನೂ ಈ ಕೈಲೇ ಹೊಲಿದು ಕಟ್ಟೀನಿ.’ ಆಮೇಲೆ ಮೆಲ್ಲಗೆ ಹೇಳಿದಳು: ‘ಎಲ್ಲಾ ನಿನ್ನ ಹೆಸರಿಗೇ ಮಾಡ್ಕೊ ಅನ್ನಪೂರ್ಣಿ. ನನ್ನ ಕೂಲಿಯಾಕಿ ಅಂತ ಬರಿ. ಮನಿ ಉಳೀತದ.’

ಗಾಡಿ ಇಳಿಯದೆ ಅರ್ಧ ಕೇಳಿದವಳ ಬಾಯಲ್ಲಿ ಈ ಮಾತು! ಚಿಕ್ಕಪ್ಪ ಬಯಸಿದ್ದು, ಅವನು ಏನೂ ಮಾಡದೆಯೇ ಆಗಿಬಿಡುವುದರಲ್ಲಿತ್ತು. ನಾನು ‘ಆಯ್ತು’ ಎಂದುಬಿಟ್ಟಿದ್ದರೆ ಕಾಗದ ಸರಿಯಾಗಿಯೇ ಇರುತ್ತಿತ್ತು, ಕೆಲಸವೂ ನಡೆಯುತ್ತಿತ್ತು. ನಿನ್ನ ಮಾತು ಮಾತ್ರ... ಆ ಪತ್ರಕ್ಕೆ ಸಹಿ ಮಾಡದೆ ಡ್ರಾವರಿನಲ್ಲಿಟ್ಟೆ.

ನೀನು ಲಾರಿ ಅಳೆಯುತ್ತಿದ್ದದ್ದು ಎರಡು ಸಲ. ಖಾಲಿ ಇದ್ದಾಗ ಒಮ್ಮೆ, ಲೋಡು ತುಂಬಿಕೊಂಡು ಬಂದಾಗ ಇನ್ನೊಮ್ಮೆ. ಖಾಲಿ ಲಾರಿಯ ಅಳತೆಗೆ ಹೊಲಿದ ತಾಡಪತ್ರಿ ಲೋಡಿನ ಗೋಪುರಕ್ಕೆ ಸಾಲುವುದಿಲ್ಲ ಎಂದು ಗೊತ್ತಿದ್ದೂ ಬೇರೆ ಅಂಗಡಿಯವರು ಒಂದೇ ಸಲ ಅಳೆಯುತ್ತಿದ್ದರು. ನಾನು ಮಾಡಿದ್ದೂ ಅದನ್ನೇ. ಎಲ್ಲ ಚೆನ್ನಾಗಿದ್ದಾಗ ಯಾರಿಗೆ ಎಷ್ಟು ಎಂದು ಮಾತ್ರ ಯೋಚಿಸಿದ್ದೆ. ಭಾರ ಬಿದ್ದ ದಿನ ಯಾರ ಮೇಲೆ ಎಷ್ಟು ಎಂದು ಕೇಳಿರಲೇ ಇಲ್ಲ. ಹನುಮಕ್ಕನನ್ನು ಕರೆದುಕೊಂಡು ಮತ್ತೆ ಸ್ಟೇಷನ್ ರಸ್ತೆಯ ಆಡಿಟರ್ ಆಫೀಸಿಗೆ ಹೋದೆ.

ಆಡಿಟರ್ ಸಾಹೇಬರು ಕನ್ನಡಕ ತೆಗೆದಿಟ್ಟರು. ‘ಹಂಗಾದ್ರ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡ್ಬೇಕ್ರಿ. ನಿಮ್ಮ ಷೇರಿಗೆ ಎಷ್ಟು ಹಾಕೀರಿ, ಅಷ್ಟಕ್ಕ ನಿಮ್ಮ ಹೊಣೆ. ಮನಿಗೆ ಬರಂಗಿಲ್ಲ. ಆದ್ರ ತಾಡಪತ್ರಿ ಹೊಲಿಯೋ ಅಂಗಡಿಗೆ ಯಾಕ್ರಿ ಅಷ್ಟು ರಗಳೆ?’

ಹನುಮಕ್ಕ ಕಣ್ಣರಳಿಸಿದಳು. ‘ಕಂಪನಿ ಅಂದ್ರ ಗಣಿ ಕಂಪನಿ ಇದ್ದಂಗನಾ ಸಾಹೇಬ್ರ? ನಮಗೂ ಎಸಿ ಕಾರು ಬರ್ತದೇನು?’

‘ಕಾರು ಬರಂಗಿಲ್ಲಮ್ಮ. ಕಂಪನಿ ಅಂದ್ರ ಕಾನೂನಿನಾಗ ಒಬ್ಬ ಬ್ಯಾರೆ ಮನುಷ್ಯಾ ಇದ್ದಂಗ. ಅದರ ಹೆಸರಿಗೇ ಲೈಸೆನ್ಸು, ಅದರ ಹೆಸರಿಗೇ ಖಾತೆ. ನೀವು ಇಬ್ರೂ ಇಲ್ಲದಿದ್ರೂ ಅದು ಇರ್ತದ.’

‘ಹೌದಾ? ಮತ್ತ ಅದಕ್ಕ ಊಟ ಯಾರು ಹಾಕ್ಬೇಕು?’

‘ಅದಕ್ಕ ಬ್ಯಾಡ. ವರ್ಷಕ್ಕೊಮ್ಮೆ ನನಗ ಹಾಕಿದ್ರ ಸಾಕು.’

ನೀನು ಹೋದ ಮೇಲೆ ಹನುಮಕ್ಕ ಬಾಯಿ ಬಿಟ್ಟು ನಕ್ಕದ್ದು ಅವತ್ತೇ. ಆದರೆ ಅವರು ತಮಾಷೆಯಲ್ಲಿ ಹೇಳಿದ್ದು ನಿಜ. ಕೆಲಸ ಇರಲಿ ಇಲ್ಲದಿರಲಿ, ಪ್ರತಿ ವರ್ಷ ಲೆಕ್ಕ ಪರಿಶೋಧನೆ ಆಗಬೇಕು, ಸಭೆ ನಡೆಸಿ ಬರೆದಿಡಬೇಕು, ಬೆಂಗಳೂರಿಗೆ ಫಾರಂ ಕಳಿಸಬೇಕು. ಇನ್ನೊಂದು ವಿಷಯವನ್ನೂ ಅವರು ಮುಚ್ಚಿಡಲಿಲ್ಲ. ಕಂಪನಿಗೆ ಸಾಲ ಕೊಡುವಾಗ ಬ್ಯಾಂಕಿನವರು ನಿರ್ದೇಶಕರ ಸ್ವಂತ ಜಾಮೀನು ಕೇಳುವುದುಂಟು, ಅದಕ್ಕೆ ಸಹಿ ಹಾಕಿದರೆ ಮನೆ ಮತ್ತೆ ಹೊಣೆಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಹನುಮಕ್ಕನ ಜಾಮೀನಿನ ಮೇಲೆ ಸಾಲ ತೆಗೆಯುವಂತಿಲ್ಲ ಎಂದು ಕಂಪನಿಯ ನಿಯಮಗಳಲ್ಲೇ ಬರೆಸಿದ್ದೇನೆ. ‘ಬ್ಯಾಂಕಿನೋರು ಒಪ್ಪದಿದ್ರ?’ ಎಂದರು. ‘ಒಪ್ಪದಿದ್ರ ಸಾಲ ಬ್ಯಾಡ್ರಿ’ ಎಂದೆ. ಹೊಸ ಮಷಿನ್ ಬರುವುದು ಸ್ವಲ್ಪ ತಡವಾಗಬಹುದು. ಆಗಲಿ ಬಿಡು, ಅಲ್ಲವೇ?

ಒಮ್ಮೆ ಹಂಪಿಯ ಬಜಾರದಲ್ಲಿ ಎಳನೀರು ಮಾರುವವಳಿಗೆ ಉಳಿದ ತುಂಡುಗಳನ್ನು ಜೋಡಿಸಿ ನೀನು ನೆರಳಿನ ಹೊದಿಕೆ ಹೊಲಿದುಕೊಟ್ಟಿದ್ದೆ. ಕಂಪನಿಯ ಉದ್ದೇಶ ಏನು ಎಂದು ಬರೆಯಬೇಕಾದಾಗ ಅದು ನೆನಪಾಯಿತು. ಅದಿರಿನ ಲಾರಿ ಇವತ್ತು ಇದೆ. ಎಷ್ಟು ವರ್ಷ ಇರುತ್ತದೋ ಯಾವ ಪೇಪರಿನವರಿಗೂ ಗೊತ್ತಿಲ್ಲ. ಅದಕ್ಕೆ ಲಾರಿಯ ಜೊತೆಗೆ ಭತ್ತದ ರಾಶಿಯ ಹೊದಿಕೆ, ಅಂಗಡಿಗಳ ನೆರಳು, ಟ್ರ್ಯಾಕ್ಟರಿನ ಹುಡ್ಡು, ಎಲ್ಲವನ್ನೂ ಸೇರಿಸಿದ್ದೇನೆ. ಚಿಕ್ಕಪ್ಪ ಈಗಲೂ ಪಾಲನ್ನು ಒಪ್ಪಿಲ್ಲ. ಆದರೆ ಈ ಸುಗ್ಗಿಗೆ ಅವನ ಅಕ್ಕಿ ಗಿರಣಿಗೆ ಬೇಕಾದ ನಾಲ್ಕು ತಾಡಪತ್ರಿಗಳ ಅಳತೆಯನ್ನು ಕಳಿಸಿದ್ದಾನೆ, ಅದೂ ಹನುಮಕ್ಕನ ಹೆಸರಿಗೆ.

ಕಂಪನಿಗೆ ಕೇಳಿದ ಹೆಸರುಗಳ ಪಟ್ಟಿಯಲ್ಲಿ ಮೊದಲು ಬರೆದದ್ದು ನಿನ್ನ ಹೆಸರನ್ನೇ. ಅದೇ ಹೆಸರಿನ ಕಂಪನಿ ಬೇರೆಲ್ಲೋ ಇದೆಯಂತೆ, ಸಿಗಲಿಲ್ಲ. ನನಗೆ ಬೇಸರವಾಯಿತು. ಹನುಮಕ್ಕ ಮಾತ್ರ, ‘ಚಲೋ ಆತು ಬಿಡು. ಫೋಟೋ ತಗಿಸ್ಕೊ ಅಂದ್ರ ಮಷಿನ್ ಹಿಂದ ಅಡಗ್ತಿದ್ದ ಮನುಷ್ಯಾ, ಬೋರ್ಡಿನ ಮ್ಯಾಲ ಹೆಂಗ ಕುಂದರ್ತಿದ್ದ’ ಎಂದಳು.

ಕಳೆದ ವಾರ ನಿರ್ದೇಶಕರ ಫಾರಂ ತುಂಬುವಾಗ ಒಂದು ತಪ್ಪು ಸಿಕ್ಕಿತು. ಆಡಿಟರ್ ಆಫೀಸಿನ ಗುಮಾಸ್ತರು ರೇಷನ್ ಕಾರ್ಡ್ ನೋಡಿ ಹನುಮಕ್ಕನ ಉದ್ಯೋಗದ ಮುಂದೆ ‘ಕೂಲಿ’ ಎಂದು ಟೈಪ್ ಮಾಡಿದ್ದರು. ತಿದ್ದಲು ಹೇಳಿದೆ. ಏನೆಂದು ತಿದ್ದಬೇಕು ಎಂದು ಅವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹನುಮಕ್ಕ ಹೇಳಿದಳು, ‘ವ್ಯಾಪಾರ ಅಂತ ಬರೀರಿ.’ ಕಂಪನಿಯ ಸ್ಥಾಪನಾ ಪತ್ರದ ಕೊನೆಯ ಹಾಳೆಯಲ್ಲಿ ಹೆಸರು, ಊರು, ಉದ್ಯೋಗವನ್ನು ಸ್ವಂತ ಕೈಯಿಂದಲೇ ಬರೆಯಬೇಕು ಎಂದು ಆಗ ತಿಳಿಯಿತು. ಅವಳಿಗೆ ತನ್ನ ಹೆಸರು ಬರೆಯಲು ಮಾತ್ರ ಬರುತ್ತದೆ. ನಾಲ್ಕು ದಿನದಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ತಾಡಪತ್ರಿಯ ತುಂಡುಗಳ ಮೇಲೆ ‘ಪಾಪಿನಾಯಕನಹಳ್ಳಿ’ ಬರೆದು ಅಭ್ಯಾಸ ಮಾಡುತ್ತಿದ್ದಾಳೆ. ‘ಇಷ್ಟು ಉದ್ದ ಊರಾಗ ಯಾಕರ ಮನಿ ಕಟ್ಟೀನೋ’ ಎಂದು ಬೈದುಕೊಳ್ಳುತ್ತಾಳೆ. ‘ವ್ಯಾಪಾರ’ ಮಾತ್ರ ಎರಡೇ ದಿನಕ್ಕೆ ಬಂತು.

ಸಹಿ ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಸ್ಟೇಷನ್ ರಸ್ತೆಯ ಆಡಿಟರ್ ಆಫೀಸಿನಲ್ಲಿ. ಮೊದಲು ಹನುಮಕ್ಕ, ಆಮೇಲೆ ನಾನು.

ನಿನ್ನ ಮಗಳು,
ಅನ್ನಪೂರ್ಣ